ಏಳು ಗುಡ್ಡೆ, ಒಂದು ಈಲಿ

ಆಗ ಆಂಧ್ರ ಗಡಿಯ ರೊಳ್ಳದ ಪಕ್ಕದ ನಮ್ಮ ಹಳ್ಳಿಯಲ್ಲಿ ಮಟನ್ ಅಂಗಡಿ ಇರಲಿಲ್ಲ. ಯುಗಾದಿಯ ಮಾರನೇ ದಿನ ಏಳು ಮನೆಯವರು ಸೇರಿ ಒಂದು ಕುರಿ ಕೊಯ್ದು, ಬಾಡನ್ನು ಏಳು ಗುಡ್ಡೆ ಮಾಡಿ ಹಂಚಿಕೊಳ್ಳುತ್ತಿದ್ದೆವು. ಗಾರ್ಮೆಂಟ್ಸಿಗೆ ಹೋದವರೂ ಆ ಎರಡು ದಿನಕ್ಕೆ ಊರಿಗೆ ಬಂದುಬಿಡುತ್ತಿದ್ದರು. ನಮ್ಮಮ್ಮನೂ ಹಿಂದೂಪುರದ ಕಡೆಯಿಂದ ಬರುತ್ತಿದ್ದಳು. ನಾನೂ ತಮ್ಮನೂ ಅಜ್ಜಿಯ ಹತ್ತಿರ ಇದ್ದೆವು.

ಹಂಚುವವನು ಕುರಿ ಕಾಯುವ ಸಿದ್ದಜ್ಜ. ಅವನಿಗೆ ತಕ್ಕಡಿ ಬೇಕಿರಲಿಲ್ಲ. ಹುಣಸೆ ಮರದ ಕೆಳಗೆ ಹಸಿ ಮುತ್ತುಗದ ಎಲೆ ಹಾಸಿ, ತೊಡೆಯಿಂದ ಏಳು, ಪಕ್ಕೆಯಿಂದ ಏಳು, ಬೋಟಿಯಲ್ಲಿ ಏಳು ಅಂತ ಎಲ್ಲವನ್ನೂ ಏಳೇಳು ಪಾಲು ಮಾಡುತ್ತಿದ್ದ. ಅಂಗೈಯಗಲದ ಈಲಿ ಕೂಡ ಏಳು ಚೂರಾಗಬೇಕು. ಆಮೇಲೆ ಒಂದು ಮಗು ಬೆನ್ನು ತಿರುಗಿಸಿ ನಿಲ್ಲಬೇಕು. ಅವನು ಒಂದು ಗುಡ್ಡೆ ಮುಟ್ಟಿ "ಇದ್ಯಾರ್ಗವ್ವಾ?" ಅಂದರೆ ಮಗು ಒಂದು ಮನೆ ಹೆಸರು ಹೇಳಬೇಕು. ಆಮೇಲೆ ತಕರಾರಿಲ್ಲ. ನಾಲ್ಕನೇ ಕ್ಲಾಸಿನಿಂದ ಆ ಮಗು ನಾನೇ. ಸುಳ್ಳು ಹೇಳದ ಹುಡುಗಿ ಅಂತ ಹೆಸರಿತ್ತು.

ಆ ವರ್ಷ ಅಮ್ಮ ಬೆಳ್ಳಗೆ ಬಿಳಿಚಿಕೊಂಡು ಬಂದಿದ್ದಳು. ಮಿಷಿನ್ ಮುಂದೆ ಕೂತಾಗ ಕಣ್ಣು ಕತ್ತಲೆ ಬರುತ್ತಿತ್ತಂತೆ. ಅಲ್ಲಿನ ನರ್ಸಮ್ಮ ತೆಲುಗಿನಲ್ಲಿ "ರಕ್ತಂ ತಕ್ಕುವ" ಅಂದಿದ್ದಳಂತೆ, ಲಿವರ್ ತಿನ್ನು ಅಂದಿದ್ದಳಂತೆ. "ರಕ್ತ ಕಮ್ಮಿ ಐತೆ ಅಂತ ಅಜ್ಜಿಗೆ ಏಳ್ಬ್ಯಾಡ. ಕೆಲ್ಸಕ್ಕೆ ವಾಪಸ್ ಬಿಡಲ್ಲ" ಅಂತ ಅಮ್ಮ ನನಗೆ ಹೇಳಿದಳು. ಲಿವರ್ ಅಂದರೆ ನಮ್ಮ ಈಲಿ ಅಂತ ನನಗೆ ಗೊತ್ತಿತ್ತು.

ಗುಡ್ಡೆ ಹಾಕಿ ಸಿದ್ದಜ್ಜ ಕೈ ತೊಳೆಯಲು ತೊಟ್ಟಿಗೆ ಹೋದ. ಹೆಂಗಸರು ಪಾತ್ರೆ ತರಲು ಹೋದರು. ಕಾಗೆ ಓಡಿಸಲು ನಾನೂ ತಮ್ಮನೂ ಉಳಿದೆವು. ಆರು ಗುಡ್ಡೆಗಳಿಂದ ಈಲಿ ಚೂರು ತೆಗೆದು ಮರದ ಬುಡದ ಕಡೆಯ ಗುಡ್ಡೆಗೆ ಸೇರಿಸಿದೆ. ಆ ಗುಡ್ಡೆಯಿಂದ ಒಂದೊಂದು ಒಳ್ಳೆ ತುಂಡು ತೆಗೆದು ಉಳಿದ ಆರಕ್ಕೂ ಇಟ್ಟೆ. ಅಜ್ಜ ಈಲಿ ಇರುವ ಗುಡ್ಡೆ ಮುಟ್ಟಿದಾಗ ಕೆಮ್ಮು ಅಂತ ತಮ್ಮನಿಗೆ ಹೇಳಿಕೊಟ್ಟೆ. ಒಬ್ಬಿಬ್ಬರದು ಮಾತ್ರ ತೆಗೆದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವೇನೋ. ಆದರೆ ಒಬ್ಬರಿಗೆ ಇದ್ದು ಒಬ್ಬರಿಗೆ ಇಲ್ಲದಿದ್ದರೆ ಅದು ಮೋಸ ಅಂತ ನನಗನ್ನಿಸಿತ್ತು.

ಮೂರನೇ ಗುಡ್ಡೆಗೆ ತಮ್ಮ ಕೆಮ್ಮಿದ. ಮತ್ತೆ ಮತ್ತೆ ಕೆಮ್ಮಿದ.

"ನಮ್ಮನೇದು" ಅಂದೆ.

"ಏನ್ಲಾ, ಈ ಗುಡ್ಡೆ ಕಂಡ್ಮ್ಯಾಲೆ ಬಂತಾ ನಿಂಗೆ ಕೆಮ್ಮು?" ಸಿದ್ದಜ್ಜ ಬಗ್ಗಿ ನೋಡಿದ. "ಈ ಕುರಿಗೆ ಈಲಿ ಎಲ್ಲಾ ಒಂದೇ ಮೂಲೇಲಿ ಇತ್ತಾ?"

ಪಕ್ಕದ ಮನೆ ಹನುಮಕ್ಕಜ್ಜಿ ತನ್ನ ಪಾತ್ರೆ ಕುಕ್ಕಿದಳು. "ಅವ್ವ ಪ್ಯಾಟೆ ಸೇರಿದ್ಳು, ಮಗ್ಳು ಕಳ್ಳಿ ಆದ್ಳು ನೋಡ್ರಿ!"

ಅಮ್ಮ ಬಂದು ನನ್ನ ರಟ್ಟೆ ಹಿಡಿದಳು. ಅವಳ ಕೈ ತಣ್ಣಗಿತ್ತು. ಆ ಮಾತು ಅವಳಿಗೆ ಬಿದ್ದಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. "ಅಮ್ಮಂಗೆ ರಕ್ತ ಇಲ್ಲ. ಮಿಷಿನ್ ಮುಂದೆ ಬೀಳ್ತಾಳೆ. ಈಲಿ ತಿನ್ಬೇಕಂತೆ!" ಅಂತ ಕಿರುಚಿದೆ. ಅಜ್ಜಿ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡಿದಳು.

ಸಿದ್ದಜ್ಜ ಗುಡ್ಡೆಗಳನ್ನೆಲ್ಲ ಮತ್ತೆ ಒಂದು ಮಾಡಿದ. ಅಷ್ಟು ವರ್ಷದಲ್ಲಿ ಕೇಳದ ಮಾತು ಕೇಳಿದ. "ಯಾರ್ಗೆ ಏನು ಬೇಕು, ಬಾಯ್ಬಿಟ್ಟು ಏಳ್ರಪ್ಪ."

ಒಬ್ಬರಿಗೆ ಬೋಟಿ ಜಾಸ್ತಿ ಬೇಕಿತ್ತು. ಒಬ್ಬರ ಮನೆಯಲ್ಲಿ ಬೋಟಿ ನಾಯಿಗೆ ಹೋಗುತ್ತಿತ್ತಂತೆ! ಬಾಣಂತಿ ಇರುವ ಮನೆಗೆ ಸಾರಿಗೆ ಮೂಳೆ ಬೇಕಿತ್ತು. ಐದು ಮನೆಯವರು ಈಲಿ ಬಿಟ್ಟುಕೊಟ್ಟರು, ತಮಗೆ ಬೇಕಾದ್ದು ತೆಗೆದುಕೊಂಡು ನಗುತ್ತಾ ಹೋದರು. ಹನುಮಕ್ಕಜ್ಜಿ ಮಾತ್ರ ಬಿಡಲಿಲ್ಲ.

"ನಂಗೆ ಹಲ್ಲಿಲ್ಲ. ಅದೊಂದೇ ನಾನು ಅಗಿಯಾದು. ನನ್ ಚೂರು ನಂಗೆ ಕೊಡು."

ಸಿದ್ದಜ್ಜ ಕೊಟ್ಟ.

ಮನೆಯಲ್ಲಿ ಒಲೆ ಮುಂದೆ ನಾನು ಹನುಮಕ್ಕಜ್ಜಿಯನ್ನು ಬೈಯುತ್ತಿದ್ದೆ. ಉಪ್ಪು ಅರಿಶಿನ ಹಾಕಿ ಹುರಿದ ಈಲಿಯ ಘಮ ತುಂಬಿತ್ತು. ಅಮ್ಮ ಅಂದಳು: "ಅವಳ್ನ ಬೈಬ್ಯಾಡ. ಬೇಕು ಅಂದ್ಳು, ಇಸ್ಕೊಂಡ್ಳು. ನಾವಿಬ್ರೂ ಕಲೀಬೇಕಾದ್ದು ಅದೇಯ." ನಮ್ಮಜ್ಜಿ ಒಂದು ವಾರ ಅಮ್ಮನನ್ನು ಕೆಲಸಕ್ಕೆ ಬಿಡಲಿಲ್ಲ. ಆಮೇಲೆ ತಾನೇ ಬಸ್ ಹತ್ತಿಸಿದಳು.

ಆ ಮಿಷಿನ್ ತುಳಿದೇ ಅಮ್ಮ ನನ್ನನ್ನು ಓದಿಸಿದಳು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಿದ್ದಜ್ಜ ಇಲ್ಲ, ಗುಡ್ಡೆ ಹಾಕುವುದೂ ನಿಂತಿದೆ. ಈಗ ಊರಲ್ಲೇ ಎರಡು ಅಂಗಡಿ. ಅಮ್ಮನ ಹಲ್ಲೂ ಹೋಗಿವೆ, ಹಬ್ಬಕ್ಕೆ ಇಡೀ ಈಲಿ ನಾನೇ ತರುತ್ತೇನೆ. ಯಾರ ಪಾಲಿನಿಂದಲೂ ತೆಗೆಯಬೇಕಿಲ್ಲ. ಬಾಣಂತಿ ಯಾರ ಮನೆಯಲ್ಲಿದ್ದಾಳೆ, ಬೋಟಿ ಯಾರು ತಿನ್ನಲ್ಲ ಅಂತ ಮಾತ್ರ ನನಗೆ ಗೊತ್ತಿಲ್ಲ. ಅಂಗಡಿಯವನು ಒಳ್ಳೆಯವನೇ. ಕತ್ತಿ ಒರೆಸುತ್ತಾ "ಎಷ್ಟು?" ಅಂತ ಕೇಳುತ್ತಾನೆ. ಯಾರಿಗೆ ಅಂತ ಕೇಳುವುದಿಲ್ಲ.