ನಾನು ಕಲಿಸಿದ ಉತ್ತರ

ಕಾಲುವೆ ನೀರು ನಮ್ಮ ಕಡೆ ಬಂದ ಎರಡನೆಯ ವರ್ಷ, ಅಣ್ಣನ ಮಗಳನ್ನು ಚರ್ಚಿನ ದೃಢೀಕರಣ ಸಂಸ್ಕಾರಕ್ಕೆ ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವಳಿಗೆ ಹನ್ನೆರಡು ವರ್ಷ. ಮಳೆಗಾಲದಲ್ಲಿ ಬಿಷಪ್ಪರು, ನಮ್ಮ ಮಾತಿನಲ್ಲಿ ಧರ್ಮಾಧ್ಯಕ್ಷರು, ಶಹಾಪುರಕ್ಕೆ ಬಂದು ಮಕ್ಕಳ ಹಣೆಗೆ ಪವಿತ್ರ ತೈಲ ಹಚ್ಚುವವರಿದ್ದರು. ಅವಳ ನಂಬಿಕೆಗೆ ಹೊಣೆ ನಿಲ್ಲುವ ಜ್ಞಾನತಾಯಿಯಾಗಿ ನಾನು ಅವಳ ಹಿಂದೆ ನಿಲ್ಲಬೇಕಿತ್ತು.

ಬೇಸಿಗೆಯುದ್ದಕ್ಕೂ ರೊಟ್ಟಿ ಬಡಿಯುತ್ತಲೇ ಅವಳಿಗೆ ಧರ್ಮೋಪದೇಶದ ಪ್ರಶ್ನೆ ಕೇಳಿದೆ. ಜಪಗಳನ್ನು ಬೇಗ ಕಲಿತಳು. ಆದರೆ ದನಿ ಗಂಟಲಲ್ಲೇ ಉಳಿಯುತ್ತಿತ್ತು.

"ಯಾರರ ಕೇಳ್ಲಿ, ಎದ್ದು ನಿಂತು ಮಾರಿ ನೋಡಿ ಹೇಳು. ಕಳವು ಮಾಡೀಯೇನು?" ಎಂದು ಗದರಿದೆ.

ಇನ್ನೊಂದು ಸಂಗತಿಯನ್ನು ನಾನು ಹೇಳಿಕೊಡಲಿಲ್ಲ. ಚರ್ಚಿನಲ್ಲಿ ನಾವು ಕ್ರೈಸ್ತರು. ಸರ್ಕಾರಿ ಕಾಗದದಲ್ಲಿ ಅಜ್ಜನ ಕಾಲದ ಹಿಂದೂ ಜಾತಿಯವರು. ಕ್ರೈಸ್ತರೆಂದು ಬರೆಸಿದರೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಿಗದು. ಅದಿಲ್ಲದೆ ಸುರಪುರದ ಹಾಸ್ಟೆಲಿನಲ್ಲಿ ಅವಳಿಗೆ ಜಾಗವಿಲ್ಲ, ಏಳನೆಯ ತರಗತಿಯ ಮೇಲೆ ಓದೂ ಇಲ್ಲ. ನಮ್ಮ ಓಣಿಯಲ್ಲಿ ಇದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ದೊಡ್ಡವರು ಬಾಯಿ ಮುಚ್ಚುವುದನ್ನು ನೋಡಿಯೇ ಅವರು ಕಲಿಯಬೇಕು.

ಪ್ರಮಾಣಪತ್ರದ ವಿಚಾರಣೆಗೆ ಗುಮಾಸ್ತರೊಬ್ಬರು ಮನೆಗೆ ಬಂದರು. ಅಣ್ಣ ಕಂಬಳಿ ಹಾಸಿ, ಚಹಾ ಕೊಟ್ಟ. ಕಾಗದ ಅರ್ಧ ತುಂಬಿತ್ತು. ಅವರು ಸುಮ್ಮನೆ ಮಾತಿಗೆಂದು ಹುಡುಗಿಯನ್ನು ಕೇಳಿದರು: "ಏನವಾ, ಪಾಸಾಗೀಯಂತ. ಕೊಡೇಕಲ್ಲ ಗುಡಿಗೆ ಹೋಗಿ ಕೈ ಮುಗದು ಬಂದಿಯಿಲ್ಲ?"

ಅವಳು ಎದ್ದು ನಿಂತಳು. ಅವರ ಮುಖ ನೋಡಿದಳು.

"ಇಲ್ರಿ. ನಾವು ಕ್ರಿಸ್ತನವ್ರು."

ಅಷ್ಟು ಸ್ಪಷ್ಟವಾಗಿ ಅವಳು ಎಂದೂ ಮಾತಾಡಿರಲಿಲ್ಲ.

"ಸಣ್ಣಾಕಿ, ಏನೋ ಅಂತಾಳ್ರಿ ಸಾಹೇಬ್ರ," ಎಂದ ಅಣ್ಣ.

"ಸಣ್ಣವರೇ ಖರೆ ಹೇಳೋದಪಾ," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ಚಹಾ ಪೂರ್ತಿ ಕುಡಿದೇ ಹೋದರು.

ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅತ್ತಿಗೆ, "ಚೊಲೋ ಕಲಿಸಿದಿ ಬಿಡವಾ," ಎಂದಳು. ಮರುದಿನ ಮಗಳನ್ನು ಕರೆದುಕೊಂಡು ಭತ್ತದ ನಾಟಿಗೆ ಹೋದಳು.

ದೃಢೀಕರಣದ ದಿನ ಹುಡುಗಿಯ ಬಲ ಹೆಗಲ ಮೇಲೆ ನನ್ನ ಕೈಯಿತ್ತು. ಧರ್ಮಾಧ್ಯಕ್ಷರು ಮಕ್ಕಳನ್ನೆಲ್ಲ ನೋಡಿ, "ಕ್ರಿಸ್ತರನ್ನು ನಂಬುತ್ತೀರಾ?" ಎಂದು ಕೇಳಿದರು. ಉಳಿದವರು ಒಟ್ಟಿಗೆ ಉತ್ತರಿಸಿದರು. ಅವಳು ತಿರುಗಿ ನನ್ನ ಮುಖ ನೋಡಿದಳು.

"ಇಲ್ಲಿ ಹೇಳಬೌದೇನು, ಅತ್ತಿ?"

ನಾನು ಹೂಂ ಎನ್ನುವಷ್ಟರಲ್ಲಿ ಧರ್ಮಾಧ್ಯಕ್ಷರು ಮುಂದಿನ ಪ್ರಶ್ನೆ ಕೇಳಿಯಾಗಿತ್ತು.