ನೊರೆಯ ಮೊಕದ್ದಮೆ

ನಿವೃತ್ತಿಯಾದ ಮೇಲೆ ಸಾಹೇಬರು ಮನೆಗೆ ಬಂದರು. ಅದಕ್ಕೆ ಮೊದಲೂ ದಿನಾ ಸಂಜೆ ಬರುತ್ತಿದ್ದರು, ಇಲ್ಲವೆಂದಲ್ಲ. ಈ ಸಲ ಬಂದವರು ವಾಪಸು ಹೋಗಲಿಲ್ಲ. ನೀರಿನ ಬಿಲ್ಲು ಮಾಡುವ ಕಚೇರಿಯಲ್ಲಿ ಅವರು ಸೂಪರಿಂಟೆಂಡೆಂಟ್ ಆಗಿದ್ದವರು. ಕೈಕೆಳಗೆ ಒಂದು ಕೋಣೆ ತುಂಬ ಗುಮಾಸ್ತರಿದ್ದರು. ಈಗ ಅಷ್ಟೂ ಜನರ ಜಾಗಕ್ಕೆ ಹೆಂಡತಿ ಒಬ್ಬಳೇ. ಅವಳ ನಿವೃತ್ತಿಯ ವಯಸ್ಸನ್ನು ಮಾತ್ರ ಯಾರೂ ಗೊತ್ತುಮಾಡಿರಲಿಲ್ಲ.

ಮೊದಮೊದಲು ಅವರು ಅಡುಗೆಮನೆಯ ಮೇಲುಸ್ತುವಾರಿ ವಹಿಸಿಕೊಂಡರು. ಒಲೆಯ ಉರಿ ಎಷ್ಟಿರಬೇಕು, ತೊಳೆದ ಲೋಟ ಯಾವ ದಿಕ್ಕಿಗೆ ಬೋರಲು ಬೀಳಬೇಕು ಎಂದೆಲ್ಲ ಆದೇಶಗಳು ಹೊರಟವು. ತಡೆಯಲಾರದೆ ಅವಳೇ ಒಂದು ದಿನ, "ರೀ, ಹಿತ್ತಲಲ್ಲಿ ಜಾಗ ಬಿದ್ದಿದೆಯಲ್ಲ, ಅಲ್ಲಿ ಏನಾದರೂ ಮಾಡಬಾರದಾ?" ಎಂದುಬಿಟ್ಟಳು. ತನ್ನ ಗುಂಡಿಯನ್ನು ತಾನೇ ತೋಡಿಕೊಂಡಳು ಎನ್ನೋಣವೆಂದರೆ, ತೋಡಿದವನು ಗಾರೆ ಮೇಸ್ತ್ರಿ. ಸಾಹೇಬರು ಛತ್ರಿ ಹಿಡಿದು ನಿಂತು ತೋಡಿಸಿದರು.

ಹೀಗೆ ಹಿತ್ತಲಲ್ಲಿ ಒಂದು ಕೊಳವಾಯಿತು. ಅಂಚಿಗೆ ಕಲ್ಲು, ಮೇಲೆ ತೇಲುವ ಸೊಪ್ಪು, ಒಳಗೆ ಅಗಲ ಮೈಯ ಗೌರಾಮಿ ಮೀನುಗಳು. ಅವುಗಳ ಎದೆಯಿಂದ ಎರಡು ಸಣ್ಣ ದಾರ ಇಳಿಬಿಟ್ಟಂತೆ ಕಾಣುತ್ತಿತ್ತು. "ಮರಿ ಮಾಡ್ತವೆ ನೋಡ್ತಿರು. ಇಡೀ ಬೀದಿಗೆ ಹಂಚ್ತೀನಿ," ಎಂದರು ಸಾಹೇಬರು.

ಕೊಳಕ್ಕೆ ಅವರು ಆರಿಸಿದ ಜಾಗ ಅವಳ ಒಗೆಯುವ ಕಲ್ಲಿನ ಪಕ್ಕ. ಆ ಕಲ್ಲು ಅಡುಗೆಮನೆಯ ಹಿಂಬಾಗಿಲಿಗೆ ನಾಲ್ಕು ಹೆಜ್ಜೆ. ಅವಳ ಸೊಂಟಕ್ಕೆ ಸರಿಯಾದ ಎತ್ತರ. ಮೊಣಕಾಲು ಹಿಡಿದುಕೊಂಡ ಮೇಲೂ ನಿಂತೇ ಒಗೆಯಬಹುದಿತ್ತು. ಅದಕ್ಕಿಂತ ದೊಡ್ಡ ಗುಣವೆಂದರೆ, ಬಟ್ಟೆ ಬಡಿಯುತ್ತಿರುವಾಗ ಒಳಗಿಂದ ಯಾರು ಕರೆದರೂ ಕೇಳುತ್ತಿರಲಿಲ್ಲ. ಕೇಳಿದರೂ ಕೇಳಲಿಲ್ಲ ಎಂದರೆ ನಡೆಯುತ್ತಿತ್ತು. ಇಡೀ ಮನೆಯಲ್ಲಿ ಅಂಥ ಸೌಕರ್ಯ ಇದ್ದದ್ದು ಅಲ್ಲೊಂದೇ ಕಡೆ. ವಾಷಿಂಗ್ ಮೆಷಿನ್ನಿನ ಮಾತು ಬಂದಾಗಲೆಲ್ಲ ಸಾಹೇಬರು, "ಅದು ನೀರು ಕುಡಿಯೋ ರಾಕ್ಷಸ ಕಣೇ, ನಮ್ಮ ಆಫೀಸಿನಲ್ಲಿ ನಾನು ನೋಡಿಲ್ವಾ?" ಎಂದು ಕಡತ ಮುಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಕೊಳದ ಮೂಲೆಯಲ್ಲಿ, ಸೊಪ್ಪಿನ ನಡುವೆ, ಅಂಗೈಯಗಲ ಬಿಳಿ ನೊರೆ ಕಂಡಿತು.

ಏನಾಯಿತು ಎಂದು ತಿಳಿಯುವ ಮೊದಲು ಯಾರಿಂದಾಯಿತು ಎಂದು ತೀರ್ಮಾನಿಸುವುದು ಸಾಹೇಬರ ಕಚೇರಿಯ ಪದ್ಧತಿ. "ಇವಳೇ! ಬಾ ಇಲ್ಲಿ. ಏನಿದು?"

"ನೊರೆ."

"ಯಾವ ನೊರೆ?"

"ನನ್ನನ್ನು ಕೇಳಿದರೆ? ಮೀನು ನಿಮ್ಮದು."

"ಸೋಪು ನಿನ್ನದು!"

ಕಲ್ಲಿನ ನೀರು ಮೋರಿ ಹಿಡಿದು ಬೀದಿಯ ಚರಂಡಿಗೆ ಹೋಗುತ್ತಿತ್ತು. ಅದು ಕೊಳಕ್ಕೆ ಹೋಗಬೇಕಾದರೆ ಏರು ಹತ್ತಬೇಕಿತ್ತು. ಅವಳು ಅದನ್ನು ಹೇಳಿದಳು. "ಹನಿ ಹಾರುತ್ತೆ," ಎಂದರು ಸಾಹೇಬರು. ಅಲ್ಲೇ ಕೂತಿದ್ದ ಅವರ ಅಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದವರು, "ಅವಳು ಬಡಿಯೋ ರಭಸಕ್ಕೆ ಹನಿಯೇನು, ಗುಂಡಿಯೂ ಹಾರುತ್ತೆ. ನನ್ನ ರವಿಕೆಯದು ಎರಡು ಹೋಗಿದೆ," ಎಂದು ಸಾಕ್ಷಿ ನುಡಿದರು.

ಅಂದಿನಿಂದ ದಿನಾ ಬೆಳಿಗ್ಗೆ ನೊರೆ ಬಾಚುವ ಕೆಲಸ ಹೆಚ್ಚಿಗೆ ಬಂತು. ಬಾಚುವವಳು ಅವಳು, "ಆ ಕಡೆ, ಆ ಕಡೆ" ಎನ್ನುವವರು ಸಾಹೇಬರು. ಬಾಚಿದಷ್ಟೂ ಮರುದಿನ ಹೊಸ ನೊರೆ ಬರುತ್ತಿತ್ತು, ಮೀನು ಮಾತ್ರ ಮರಿ ಮಾಡಲಿಲ್ಲ. ಕೊನೆಗೆ ತೀರ್ಪು ಬಂತು: ಕಲ್ಲು ಒಡೆಸುವುದು. ಭಾನುವಾರ ಮೇಸ್ತ್ರಿ ಬರುತ್ತಾನೆ. ಇನ್ನು ಬಟ್ಟೆ ಒಗೆಯುವುದು ತಾರಸಿಯ ಮೇಲೆ.

"ಮೇಲೆ ನಲ್ಲಿ ಇಲ್ಲ," ಎಂದಳು ಅವಳು.

"ಬಕೆಟ್ ಇದೆಯಲ್ಲ?"

"ನನ್ನ ಮೊಣಕಾಲು?"

"ಹತ್ತಿ ಇಳಿದರೆ ಮೊಣಕಾಲಿಗೆ ಒಳ್ಳೇದು. ಡಾಕ್ಟರೇ ಹೇಳ್ತಾರೆ."

ಯಾವ ಡಾಕ್ಟರು ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ಕೈ ಒರೆಸಿಕೊಂಡು ಬಂದು, "ಆಯಿತು. ಇವತ್ತಿನಿಂದ ನಾನು ಈ ಕಲ್ಲು ಮುಟ್ಟಲ್ಲ. ಸೋಪೂ ಮುಟ್ಟಲ್ಲ, ನೊರೆಯನ್ನೂ ಬಾಚಲ್ಲ. ಭಾನುವಾರದವರೆಗೆ ನೋಡಿ. ನೊರೆ ನಿಂತರೆ ಕಲ್ಲು ಒಡೆಸಿ. ನಿಲ್ಲದಿದ್ದರೆ ಯಾರೂ ಕಲ್ಲಿನ ತಂಟೆಗೆ ಬರಬಾರದು," ಎಂದಳು.

ಬಚ್ಚಲ ಮೂಲೆಯಲ್ಲಿ ಬಟ್ಟೆಯ ರಾಶಿ ಬೆಳೆಯಿತು. ಸಾಹೇಬರು ಒಂದು ಶರ್ಟನ್ನು ಒಳಮೈ ಹೊರಗಾಗುವಂತೆ ತಿರುಗಿಸಿ ಹಾಕಿಕೊಂಡರು. ಅಕ್ಕ ಮೂಗು ಮುಚ್ಚಿಕೊಂಡು, "ಇದೇನೇ ಹಟ? ಗಂಡಸು ಏನೋ ಒಂದು ಮಾತು ಅಂದ ಅಂತ..." ಎಂದರು.

"ಹಟ ಅಲ್ಲ ಅತ್ತಿಗೆ, ವಿಚಾರಣೆ," ಎಂದಳು ಅವಳು, ಕಾಲು ಚಾಚಿ ಕೂತು ಪೇಪರು ಓದುತ್ತಾ.

ನೊರೆ ನಿಲ್ಲಲಿಲ್ಲ. ಬಾಚುವವರಿಲ್ಲದೆ ತಟ್ಟೆಯಗಲವಾಯಿತು. ಹೆಂಡತಿ ಕಣ್ಣು ತಪ್ಪಿಸಿ ಸೋಪು ಕದಡುತ್ತಿದ್ದಾಳೆ ಎಂದೇ ಸಾಹೇಬರ ಗುಮಾನಿ. ಕೈಯಲ್ಲಿ ಸೋಪಿರುವಾಗಲೇ ಹಿಡಿಯಬೇಕೆಂದು ದಾಸವಾಳದ ಗಿಡದ ಹಿಂದೆ ಕುರ್ಚಿ ಹಾಕಿಸಿದರು. (ಹಾಕಿದವಳು ಅವಳೇ.) ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದರೂ ಕಳ್ಳಿ ಬರಲಿಲ್ಲ. ನೋಡಲು ಬೇರೇನೂ ಇಲ್ಲದೆ ನೊರೆಯನ್ನೇ ನೋಡಿದರು. ಅದರ ಕೆಳಗೆ ಬಣ್ಣವೇರಿದ ಒಂದು ಮೀನು ಮೇಲೆ ಬಂದು ಗಾಳಿ ಕುಡಿದು, ಬಾಯಿಂದ ಗುಳ್ಳೆ ಉಗುಳಿ ನೊರೆಗೆ ಅಂಟಿಸುತ್ತಿತ್ತು. ಹತ್ತಿರ ಬಂದ ಮೀನುಗಳನ್ನೆಲ್ಲ ಅಟ್ಟುತ್ತಿತ್ತು. ನೊರೆಯೊಳಗೆ ಗಸಗಸೆಯಂಥ ಕಾಳು ಕಂಡವು.

ಮೀನು ಕೊಟ್ಟ ಅಂಗಡಿಯವನಿಗೆ ಫೋನು ಹೋಯಿತು. ಆ ಕಡೆಯಿಂದ ಅವನು ನಕ್ಕ. "ಸಾರ್, ಅದು ಗೂಡು! ಗಂಡು ಕಟ್ಟುತ್ತೆ. ಮೊಟ್ಟೆ ಜಾರಿ ಬಿದ್ದರೆ ಬಾಯಲ್ಲಿ ಎತ್ತಿ ವಾಪಸು ಇಡುತ್ತೆ, ಕಾವಲು ಕಾಯುತ್ತೆ. ನೀವೇನಾದ್ರೂ ಬಾಚಿ ಎಸೆದೀರಿ ಮತ್ತೆ!"

ಸಾಹೇಬರು ಫೋನಿಟ್ಟರು. ಕ್ಷಮೆ ಕೇಳುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲ. "ನಾನು ಕಂಡುಹಿಡಿದೆ!" ಎಂದು ಕೂಗಿದರು. ಸಂಜೆಯೊಳಗೆ ಅಕ್ಕಪಕ್ಕದವರೆಲ್ಲ ಬಂದು ಬಗ್ಗಿ ನೋಡಿದರು. "ನೋಡಿ, ಕಟ್ಟೋನು ಅಪ್ಪ, ಕಾಯೋನು ಅಪ್ಪ. ಲೋಕ ಮಾತ್ರ ತಾಯಿ ತಾಯಿ ಅನ್ನುತ್ತೆ!" ಎಂದು ಸಾಹೇಬರು ತಾವೇ ಗುಳ್ಳೆ ಉಗುಳಿದಷ್ಟು ಬೀಗಿದರು.

ಅವಳೂ ಬಗ್ಗಿ ನೋಡಿದಳು. ತಾನು ದಿನಾ ಬಾಚಿ ಎಸೆದದ್ದನ್ನು ದಿನಾ ಮತ್ತೆ ಕಟ್ಟಿದ ಜೀವ. ಗಂಡು ಜಾತಿಯದು ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಪಾಪ," ಎಂದಳು, "ಅದು ಶರ್ಟು ಹಾಕಲ್ಲವಲ್ಲ, ಒಗೆಯೋಕೆ ಯಾರನ್ನೂ ಹುಡುಕಬೇಕಾಗಿಲ್ಲ."

ಭಾನುವಾರ ಮೇಸ್ತ್ರಿ ಸುತ್ತಿಗೆ ಹಿಡಿದು ಬಂದ. "ಏ, ಬೇಡ ಬೇಡ! ನೆಲ ಅದುರಿದರೆ ಗೂಡು ಒಡೆಯುತ್ತೆ!" ಎಂದು ಸಾಹೇಬರೇ ಅಡ್ಡ ನಿಂತು ಅವನನ್ನು ವಾಪಸು ಕಳಿಸಿದರು. ಕಲ್ಲು ಉಳಿಯಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಹೊಸ ಆದೇಶ: "ಬಟ್ಟೆ ಬಡಿದರೂ ಅದುರುತ್ತೆ. ಮರಿ ದೊಡ್ಡವಾಗೋವರೆಗೆ ಒಗೆತ ಮೇಲೇ ಆಗಲಿ."

ಸೋಪಿದ್ದರೂ ತಾರಸಿ, ಸೋಪಿಲ್ಲದಿದ್ದರೂ ತಾರಸಿ. ಅವಳಿಗೆ ನಗು ಬಂತು. "ಆಗಲಿ. ಮರಿ ನಿಮ್ಮವು, ಗೂಡು ನಿಮ್ಮದು, ಅಪ್ಪನ ಜವಾಬ್ದಾರಿ ಅಂತ ಊರಿಗೆಲ್ಲ ಹೇಳಿದ್ದೂ ನೀವೇ. ಬಕೆಟ್ ಬಚ್ಚಲಲ್ಲಿದೆ."

ತಿರುಗಿಸಿ ಹಾಕಿಕೊಳ್ಳಲು ಇನ್ನು ಶರ್ಟು ಉಳಿದಿರಲಿಲ್ಲ. ಸಾಹೇಬರು ಬಕೆಟ್ ಎತ್ತಿದರು. ಅರ್ಧ ಮೆಟ್ಟಿಲಿಗೆ ಒಂದು ಸಲ ಇಳಿಸಿದರು, ಮುಕ್ಕಾಲಿಗೆ ಇನ್ನೊಂದು ಸಲ. ತಾರಸಿ ಸೇರುವಾಗ ಬಕೆಟಿನಲ್ಲಿ ಇದ್ದದ್ದಕ್ಕಿಂತ ಪ್ಯಾಂಟಿನಲ್ಲೇ ಹೆಚ್ಚು ನೀರಿತ್ತು. ಎರಡನೆಯ ಬಕೆಟಿಗೆ ಕೆಳಗಿಳಿದವರು ಸೊಂಟ ಹಿಡಿದು ಕೊಳದ ಹತ್ತಿರ ನಿಂತರು. ಬಹಳ ಹೊತ್ತು ಶಾಸ್ತ್ರೀಯವಾಗಿ ಯೋಚಿಸಿದರು.

"ಇವಳೇ, ಪಕ್ಕದಲ್ಲಿ ಒಂದಿಷ್ಟು ಸದ್ದು, ಅಲುಗಾಟ ಇದ್ದರೆ ಮೀನಿಗೆ ಆಮ್ಲಜನಕ ಚೆನ್ನಾಗಿ ಸಿಗುತ್ತೆ. ಒಗೀಬಹುದು. ತೊಂದರೆಯಿಲ್ಲ."

"ಒಳ್ಳೇದಾಯ್ತು," ಎಂದಳು. ಹಾಸಿಗೆಯ ಚಾದರ, ಅತ್ತಿಗೆಯ ಬಟ್ಟೆ, ತನ್ನ ಬಟ್ಟೆ ಇಷ್ಟನ್ನು ಕಲ್ಲಿಗೆ ಹೊತ್ತು ತಂದು ಹಿಂದಿನ ರಭಸದಲ್ಲೇ ಬಡಿದಳು. ಸಾಹೇಬರ ಬಟ್ಟೆಯ ರಾಶಿಯನ್ನು ಮಾತ್ರ ಇದ್ದಲ್ಲೇ ಬಿಟ್ಟಳು. ಅವಳ ಸರದಿ ಮುಗಿದ ಮೇಲೆ, ಅತ್ತಿತ್ತ ನೋಡಿ, ಸಾಹೇಬರು ಕಲ್ಲಿನ ಬಳಿ ಬಂದರು.

ಬೇಲಿಯಾಚೆಯಿಂದ ಪಕ್ಕದ ಮನೆಯವನು ಕತ್ತು ಚಾಚಿದ. "ಏನ್ ಸಾರ್, ಬಟ್ಟೆ ಒಗೀತಿದ್ದೀರಾ?"

"ಇಲ್ಲಪ್ಪ," ಎಂದರು ಸಾಹೇಬರು ಬನಿಯನ್ ಹಿಂಡುತ್ತಾ, "ಮೀನಿಗೆ ಆಮ್ಲಜನಕ ಕೊಡ್ತಿದ್ದೀನಿ."