ಕಾಗದದಷ್ಟು ಸಂದು

ಇವತ್ತು ಮಧ್ಯಾಹ್ನ ಡ್ಯಾಂಡಿನಾಂಗ್‌ನ ನಮ್ಮ ವರ್ಕ್‌ಶಾಪಿನಲ್ಲಿ ಊಟದ ಡಬ್ಬಿ ತೆಗೆದೆ. ತೆಳ್ಳನೆಯ ಕಾಗದದಲ್ಲಿ ಸುತ್ತಿದ ಎರಡು ರೊಟ್ಟಿ, ಮೇಲೆ ಅಗಸಿ ಚಟ್ನಿಪುಡಿ. ಪಕ್ಕದ ಬೆಂಚಿನ ಮೇಲೆ ಅಗಸೆ ಎಣ್ಣೆಯ ಡಬ್ಬವೂ ತೆರೆದೇ ಇತ್ತು. ಒಂದೇ ಬೀಜ ನೋಡಿ. ಹುರಿದು ಕುಟ್ಟಿದರೆ ಊಟಕ್ಕೆ, ಹಿಂಡಿದರೆ ಬಂದೂಕಿನ ಮರಕ್ಕೆ. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಶೆಟ್ಟರು ನೆನಪಾಗಲೇಬೇಕು. ಇವತ್ತಂತೂ ಅವರ ಬಂದೂಕೇ ಬೆಂಚಿನ ಮೇಲೆ ಮಲಗಿತ್ತು. ಇಷ್ಟು ವರ್ಷಗಳಾದ ಮೇಲೆ ಎಣ್ಣೆ ಕುಡಿಯಲು ಸಿಡ್ನಿಯಿಂದ ಬಂದಿದೆ.

ಬಂದೂಕನ್ನು ಭುಜಕ್ಕೆ ಒರಗಿಸುತ್ತಾರಲ್ಲ, ಆ ಮರದ ಭಾಗಕ್ಕೆ ಇಲ್ಲಿ ಸ್ಟಾಕ್ ಎನ್ನುತ್ತಾರೆ. ಅದನ್ನು ಮಾಡುವುದೇ ನನ್ನ ಉದ್ಯೋಗ. ನಮ್ಮಪ್ಪ ಕಲಘಟಗಿಯಲ್ಲಿ ತೊಟ್ಟಿಲು ಮಾಡುತ್ತಿದ್ದರು. ತೊಟ್ಟಿಲಿನವರ ಮಗ ಬಂದೂಕಿಗೆ ಬಂದೆ ಎಂದರೆ ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಹಾಗಂತ ನನ್ನನ್ನು ಧೈರ್ಯವಂತ ಎಂದುಕೊಳ್ಳಬೇಡಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಫ್ರೀವೇ ತನಕ ಹೋಗಿ ತಿರುಗಿ ಬಂದು ನೋಡುವವನು ನಾನು. ನೋಡಿ ಹೊರಟ ಮೇಲೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಇನ್ನೊಂದು ಚಿಂತೆ.

ಶೆಟ್ಟರು ಉಡುಪಿ ಕಡೆಯವರು, ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಹಲ್ಲಿನ ಡಾಕ್ಟರು. ವಾರಪೂರ್ತಿ ಮಂದಿಯ ಬಾಯಲ್ಲಿ ಕೈ, ರಜೆ ಬಂದರೆ ಕಾಡು. ಬಹಳ ವರ್ಷಗಳ ಹಿಂದೆ ಅವರು ಆಫ್ರಿಕಾದಿಂದ ಬಂದು ನೆಲೆಸಿದ್ದ ಒಬ್ಬ ಮುದುಕನಿಂದ ಆನೆ, ಕಾಡೆಮ್ಮೆ ಹೊಡೆಯುವಂಥ ಸಫಾರಿ ರೈಫಲ್ ಕೊಂಡಿದ್ದರು. ತೋಟಾ ಒಂದೊಂದೂ ನನ್ನ ಬೆರಳಿನಷ್ಟು. ಹಳೆಯ ಸ್ಟಾಕ್ ಸೀಳಿಹೋಗಿತ್ತು. ನನ್ನ ಕೈಯಲ್ಲಿ ಹೊಸದು ಮಾಡಿಸಿಕೊಂಡು ಕೆನಡಾಕ್ಕೆ ಮೂಸ್ ಬೇಟೆಗೆ ಹೋಗುವುದು ಅವರ ಬಹುದಿನದ ಆಸೆ. ಮೂಸ್ ಎಂದರೆ ನಮ್ಮ ಕಡವೆಯ ಬಳಗವೇ. ನಿಂತರೆ ಕುದುರೆಗಿಂತ ಎತ್ತರ.

“ಎಷ್ಟ್ ದೊಡ್ಡದಿದ್ರೂ ಕಡವಿನ ಅಲ್ರೀ ಶೆಟ್ರ, ಅದಕ್ಕ ಆನಿ ಹೊಡಿಯೂ ಬಂದೂಕ ಯಾಕ?”

“ಮೂಸಿಗೆ ಬೇಡ ಮಾರಾಯ್ರೆ, ಅದಕ್ಕೆ ಸಣ್ಣ ಗನ್ನೇ ಸಾಕು. ಅಲ್ಲಿ ಕರಡಿ ಉಂಟು. ಗುಂಡಿನ ಶಬ್ದ ಕೇಳಿದ್ರೆ ಊಟದ ಗಂಟೆ ಹೊಡೆದ ಹಾಗೆ ಬರ್ತದಂತೆ. ನಾವು ಮಾಂಸ ಕೊಯ್ತಾ ಇರುವಾಗ ಎದುರು ಬಂದು ನಿಂತ್ರೆ ಎಂತ ಮಾಡುದು?”

“ಓಡೂದು.”

“ಅದು ಕುದುರೆಯಷ್ಟೇ ಜೋರು ಓಡ್ತದೆ. ನೀವು ಮರ ಮಾಡಿಕೊಡಿ ಸಾಕು. ನಿಲ್ಲುದು ನಾನು.”

ಮೂರು ತಿಂಗಳು ಕೂತೆ. ಕಬ್ಬಿಣಕ್ಕೆ ಮಸಿ ಬಳಿದು ಮರದೊಳಗೆ ಒತ್ತುವುದು, ಕರಿ ಹತ್ತಿದಲ್ಲಿ ಕೆರೆಯುವುದು, ಮತ್ತೆ ಒತ್ತುವುದು. ಕೊನೆಗೆ ಕಬ್ಬಿಣ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯದಂತಾಯಿತು. ನಮ್ಮ ಯಜಮಾನ ಎರಡು ಗುಂಡು ಹಾರಿಸಿ ನೋಡಿ ತಲೆಯಾಡಿಸಿದ. ಶೆಟ್ಟರು ಬಂದು ಒಯ್ದರು.

ಕೆನಡಾಕ್ಕೆ ಹೊರಡುವುದಕ್ಕೆ ವಾರವಿದೆ ಎನ್ನುವಾಗ ಅವರ ಫೋನು. “ಫಸ್ಟ್ ಕ್ಲಾಸ್! ಯಾವ ಸಂದಿಗೂ ಒಂದು ಕಾಗದ ಹೋಗುದಿಲ್ಲ. ಎಲ್ಲರಿಗೂ ತೋರಿಸ್ತಾ ಇದ್ದೇನೆ.”

ಯಾವ ಸಂದಿಗೂ ಎಂದರೆ? ಬಂದೂಕಿನ ಕಬ್ಬಿಣಕ್ಕೆ ಹಿಂದೊಂದು ಬಾಲವಿರುತ್ತದೆ. ಗುಂಡು ಮುಂದಕ್ಕೆ ಹಾರಿದಾಗ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ. ಬಾಲದ ಹಿಂದೆ ಕಾಗದದಷ್ಟು ಜಾಗ ಬಿಡದಿದ್ದರೆ ಅದು ಕೊಡಲಿಯ ಹಾಗೆ ಮರವನ್ನು ಸೀಳುತ್ತದೆ. ಸಣ್ಣ ಬಂದೂಕು ಸಹಿಸೀತು, ಇದು ಆನೆಯದು. ಅಂದ ಮಾಡುವ ಹುಮ್ಮಸ್ಸಿನಲ್ಲಿ ನಾನು ಆ ಜಾಗವನ್ನೂ ಮುಚ್ಚಿಬಿಟ್ಟಿದ್ದೆ.

ನಮ್ಮ ಮನೆಯಲ್ಲೊಂದು ಪದ್ಧತಿಯಿತ್ತು. ಹೊಸ ತೊಟ್ಟಿಲಲ್ಲಿ ಮೊದಲು ರುಬ್ಬುವ ಗುಂಡಕಲ್ಲನ್ನು ಮಲಗಿಸಿ ತೂಗಬೇಕು, ಆಮೇಲೆಯೇ ಗಿರಾಕಿಗೆ. ಹದಿನೇಳರ ವಯಸ್ಸಿನಲ್ಲಿ ನಾನು ಭಾರಿ ಬಿಗಿಯಾಗಿ ಕೂಡಿಸಿದ ತೊಟ್ಟಿಲೊಂದು ಕಲ್ಲಿನ ಭಾರಕ್ಕೆ ಮೂಲೆಯಲ್ಲಿ ಟಕ್ ಎಂದಿತು. ಅಪ್ಪ ಬಯ್ಯಲಿಲ್ಲ. “ಅಂದ ಮಾಡೀಪಾ. ಕಟ್ಟಿಗಿಗೆ ಮಿಸುಕಾಡಾಕ ಜಾಗಾ ಎಲ್ಲೈತಿ?” ಎಂದು, ಗಿರಾಕಿಯ ಎದುರಿಗೇ ಬಿಚ್ಚಿಹಾಕಿದರು.

“ಸಿಡ್ನಿಗೆ ಹೋಗಿಬರ್ತೀನಿ,” ಎಂದೆ ಹೆಂಡತಿಗೆ.

“ಮಂದಿ ಶಾಭಾಸ್ ಅಂದ್ರ ಹಿಗ್ಗತಾರ. ನೀವೊಬ್ರ ನೋಡ್ರಿ ಹೆದರಾವ್ರು,” ಎಂದವಳು ಚಟ್ನಿಪುಡಿ ಕಟ್ಟಿಕೊಟ್ಟಳು. “ಅಲ್ಲೇನೂ ಆಗಿರ್ಲಿಲ್ಲಂದ್ರ ಚಟ್ನಿ ಕೊಡಾಕ ಬಂದಿದ್ದೆ ಅನ್ರಿ.”

ಉಳಿಗಳನ್ನು ಲಗೇಜಿಗೆ ಹಾಕಿ, ಬಂದೂಕಿನ ಲೈಸೆನ್ಸ್ ಕಿಸೆಯಲ್ಲಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿಕೊಂಡು ವಿಮಾನ ಹತ್ತಿದೆ. ಶೆಟ್ಟರು ಗರಾಜಿನಲ್ಲಿ ನಗುತ್ತ ನಿಂತಿದ್ದರು. “ಕಾಗದದಷ್ಟು ಮರ ಕೆರೀಲಿಕ್ಕೆ ಪ್ಲೇನಲ್ಲಿ ಬಂದ್ರಾ? ನಾನು ಒಂದು ಹಲ್ಲಿಗೆ ಪಕ್ಕದ ಬೀದಿಗೂ ಹೋಗುದಿಲ್ಲ.”

ಸ್ಕ್ರೂ ಬಿಚ್ಚಿ ಕಬ್ಬಿಣ ಎತ್ತಿದೆ. ಬಾಲದ ಹಿಂದಿನ ಮರದಲ್ಲಿ ಕೂದಲಿನಂಥ ಬಿರುಕಿನ ಗೆರೆ, ಅಕ್ಕಿಕಾಳಿನಷ್ಟು ಉದ್ದ. ಶೆಟ್ಟರು ಹಲ್ಲು ನೋಡುವ ಟಾರ್ಚು ತಂದು ಬಗ್ಗಿ ನೋಡಿದರು. ನಗು ನಿಂತಿತ್ತು.

“ಅಲ್ಲಿ ಹೋಗಿ ಒಡೀತಿತ್ತಾ?”

“ಒಡೀತಿತ್ರಿ. ತಪ್ಪು ನಂದು.”

ಗೆರೆಗೆ ಅಂಟು ಇಳಿಸಿ, ಒಳಗೆ ಅಡ್ಡಲಾಗಿ ಹಿತ್ತಾಳೆಯ ಪಿನ್ನು ಕೂಡಿಸಿ, ಬಾಲದ ಹಿಂದೆ ಕಾಗದದಷ್ಟು ಕೆರೆದೆ. ಮರುದಿನ ಗುರಿ ಅಭ್ಯಾಸದ ರೇಂಜಿನಲ್ಲಿ ಶೆಟ್ಟರು ಒಂಬತ್ತು ಗುಂಡು ಹಾರಿಸಿದರು. ಹತ್ತನೆಯದು ನಾನು ಎಂದೆ. ಕರಡಿಯ ಎದುರಿಗೆ ಕಳಿಸುವ ಮುನ್ನ ಗುಂಡಕಲ್ಲಿನ ಜಾಗದಲ್ಲಿ ನಾನೇ ಇರಬೇಕಲ್ಲವೇ? ಗುಂಡು ಎಲ್ಲಿಗೆ ಹೋಯಿತೋ ಇವತ್ತಿಗೂ ತಿಳಿಯದು. ಭುಜ ಎರಡು ವಾರ ಬದನೆಕಾಯಿ ಬಣ್ಣಕ್ಕಿತ್ತು. ಬಿಚ್ಚಿ ನೋಡಿದರೆ ಗೆರೆ ಒಂದು ಎಳೆಯೂ ಮುಂದೆ ಹೋಗಿರಲಿಲ್ಲ.

ಅವರು ಹೋಗಿ ಬರುವ ತನಕ ನಾನು ಪಟ್ಟ ಪಾಡನ್ನು ಹೆಂಡತಿ ಹೇಳಬೇಕು. ಕೊನೆಗೆ ಫೋನು ಬಂತು. ಮೂಸ್ ಒಂದೇ ಗುಂಡಿಗೆ ಬಿದ್ದಿತಂತೆ. ಮಾಂಸ ಕೊಯ್ಯುತ್ತಿದ್ದಾಗ ಕರಡಿಯೂ ಬಂತಂತೆ.

“ಮೂವತ್ತು ಹೆಜ್ಜೆ ದೂರ. ಎದ್ದು ನಿಂತು ನೋಡ್ತು. ನಾನೂ ನಿಮ್ಮ ಗನ್ ಎತ್ತಿ ನಿಂತೆ. ಆಮೇಲೆ ಅದೇ ತಿರುಗಿ ಹೋಯ್ತು.”

“ಹೆದರಿಕಿ ಆಗ್ಲಿಲ್ಲೇನ್ರೀ?”

“ಆಗದೆ ಇರ್ತದಾ ಮಾರಾಯ್ರೆ? ಕರಡಿ ಮೇಲೆ ಡೌಟಿತ್ತು, ನನ್ನ ಮೇಲೆ ಡೌಟಿತ್ತು. ಗನ್ನಿನ ಮೇಲೆ ಮಾತ್ರ ಇರ್ಲಿಲ್ಲ.”

ಆ ಮಾತಿಗೆ ಒಂದು ವಾರ ಎದೆಯುಬ್ಬಿಸಿ ತಿರುಗಿದೆ. ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ.

ರೊಟ್ಟಿ ಮುಗಿಯಿತು. ಕೈ ತೊಳೆದು ಬಂದು, ರೊಟ್ಟಿ ಸುತ್ತಿದ್ದ ಕಾಗದದ ಅಂಚು ಹರಿದು ಬಾಲದ ಹಿಂದೆ ತೂರಿಸಿದೆ. ಮೆಲ್ಲಗೆ ಇಳಿಯಿತು, ತಳ ಮುಟ್ಟಿ ನಿಂತಿತು. ಕಾಗದ ತೆಗೆದು ಬುಟ್ಟಿಗೆ ಹಾಕಿ, ಅರಿವೆಗೆ ಎಣ್ಣೆ ಅದ್ದಿಕೊಂಡೆ. ಎರಡನೆಯ ಸಲ ತೂರಿಸಿ ನೋಡಲಿಲ್ಲ.